ಅಂಬೆಗಾಲಿನ ಜಾಗ

ಫಕೀರವ್ವನ ಮಗ ಅಂಬೆಗಾಲಿಡಲು ಕಲಿತು ವಾರವಾಗಿತ್ತು. ಇಲ್ಲಿ ಅವನಿಗೆ ಹರಿದಾಡಲು ಉದ್ದನೆಯ ಪಡಸಾಲೆಯಿತ್ತು. ಒರೆಸಿದ ನೆಲದ ಮೇಲೆ ಚುಚ್ಚುವುದಾಗಲಿ ಸುಡುವುದಾಗಲಿ ಏನೂ ಇರಲಿಲ್ಲ. ಏಳೆಂಟು ಹೆಂಗಸರು ಅವನ ಬೆನ್ನಿಗೇ ಇರುತ್ತಿದ್ದರು.

ಅವಳ ಮನೆಯೆಂದರೆ ಒಂದೇ ಕೋಣೆ. ಒಳಗೆ ಉರಿಯುವ ಒಲೆ, ಹೊಸ್ತಿಲಾಚೆ ತೆರೆದ ಗಟಾರ. ಹಿರಿಮಗಳನ್ನು ಹಳೆ ಸೀರೆಯಿಂದ ಮಂಚದ ಕಾಲಿಗೆ ಕಟ್ಟಿ ಕೂಲಿಗೆ ಹೋಗುತ್ತಿದ್ದಳು. ಒಂದು ದಿನ ಗಂಟು ಬಿಚ್ಚಿತು. ಮಗು ಗಟಾರದಲ್ಲಿ ಹೆಣವಾಗಿ ಸಿಕ್ಕಿತು. ಇವಳೇ ಕೊಂದಳೆಂದು ಗಂಡ ದೂರು ಕೊಟ್ಟಾಗ ಈ ಮಗ ಹೊಟ್ಟೆಯಲ್ಲಿದ್ದ.

ಇವತ್ತು ಜೈಲಿನ ಮೇಡಂ ನಗುತ್ತ ಬಂದರು.

“ನಿಂದೇನೂ ತಪ್ಪಿಲ್ಲಂತ ತೀರ್ಪು ಬಂತವ್ವಾ. ನಾಳೆ ಮನೀಗೆ ಹೋಗಬಹುದು.”

“ಮನಿ ಮುಂದಿನ ಗಟಾರ ಮುಚ್ಯಾರೇನ್ರಿ?”

“ಯಾವ ಊರಾಗ ಮುಚ್ಯಾರ, ನಿಮ್ಮೂರಾಗ ಮುಚ್ಚಾಕ? ನೀನ ಕಾಯಬೇಕು.”

“ನಾ ಕೂಲಿಗೆ ಹೋದಾಗ್ರಿ?”

ಪಡಸಾಲೆಯ ಆ ತುದಿಯಿಂದ ಮಗ ಕೇಕೆ ಹಾಕುತ್ತ ಬರುತ್ತಿದ್ದ. ಫಕೀರವ್ವ ಬಾಗಿ ಮೇಡಂ ಕಾಲು ಹಿಡಿದಳು.

“ಇವ ನಡಿಯೂ ತನಕ, ಮಗಳನ್ನ ನಾನ ಕೊಂದೀನಿ ಅಂತ ಬರಕೋರಿ.”