ನವೆಂಬರಿನ ಮೂವತ್ತೊಂದು

“ಅಜ್ಜಾರ, ಇವತ್ತ ಆ ಹೆಣ್ಮಗಳದು ಓದ್ರಿ.”

ದೇವಾನಂದರು ಬೈಬಲ್ಲಿನಿಂದ ತಲೆ ಎತ್ತಿದರು. ಕಿಟಕಿಯಾಚೆ, ಇನ್ನೂ ಕರಗದ ಮಂಜಿನಲ್ಲಿ, ಹುಲಿಗೆವ್ವ ನಿಂತಿದ್ದಳು. ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಕೂಲಿಯಾಕೆ, ಯಾದಗಿರಿ ಕಡೆಯವಳು. ದಿನಾ ನಸುಕಿನಲ್ಲಿ ಅವರ ನಲ್ಲಿಗೆ ನೀರಿಗೆ ಬರುತ್ತಿದ್ದಳು. ಕೊಡ ತುಂಬಿದ ಮೇಲೂ ಹೋಗುತ್ತಿರಲಿಲ್ಲ. ಮರಾಠಿ ಮಾತಿನ ಇಡೀ ಕೋಥರೂಡ ಬಡಾವಣೆ ಮಲಗಿರುವ ಆ ಹೊತ್ತಿನಲ್ಲಿ ಈ ಒಂದು ಕಿಟಕಿಯಿಂದ ಕನ್ನಡ ಕೇಳಿಬರುತ್ತಿತ್ತು. ದೇವರು ಯಾರಾದರೇನು, ಮಾತು ಊರಿನದು.

ದೇವಾನಂದರದು ಒಂದೇ ಪದ್ಧತಿ. ಮೊದಲು ಒಂದು ಕೀರ್ತನೆ, ಆಮೇಲೆ ಮೂವತ್ತೊಂದು ಅಧ್ಯಾಯಗಳ ಜ್ಞಾನೋಕ್ತಿ ಪುಸ್ತಕ. ಅಂದು ತಾರೀಖು ಎಷ್ಟೋ ಅಷ್ಟನೆಯ ಅಧ್ಯಾಯ. ದೌಂಡ ರೈಲ್ವೆ ಸ್ಟೇಶನ್ನಿನಲ್ಲಿ ನೌಕರಿ ಮಾಡಿ ಬಂದ ಮನುಷ್ಯ. ಗಾಡಿ ತಡವಾದರೆ ಹೇಗೋ ಸಹಿಸುತ್ತಿದ್ದರು. ಹೊತ್ತಿಗೆ ಮುಂಚೆ ಹೊರಟರೆ ಮಾತ್ರ ಅವರ ಪಿತ್ತ ನೆತ್ತಿಗೇರುತ್ತಿತ್ತು.

“ಅದು ಮೂವತ್ತೊಂದನೇ ಅಧ್ಯಾಯ, ಯವ್ವಾ. ಇವತ್ತ ಮೂವತ್ತು. ನವೆಂಬರಕ್ಕ ಮೂವತ್ತೊಂದು ಇರಂಗಿಲ್ಲ. ಮುಂದಿನ ತಿಂಗಳ ಕೊನೀಗೆ ಬಾ.”

“ಮುಂದಿನ ತಿಂಗಳ ನಾ ಎಲ್ಲಿರ್ತೀನ್ರಿ? ಇಲ್ಲಿ ಕೆಲಸ ಮುಗೀತು. ಇನ್ನೊಂದೀಟು ಹೊತ್ತಿಗೆ ಲಾರಿ ಬರ್ತದ. ಎಲ್ಲಿ ಒಯ್ದು ಇಳಸ್ತಾರೋ ಕೂಲಿಗೆ ಕರಕೊಂಡು ಬಂದ ಮುಕಾದಮಗೇ ಗೊತ್ತು.” ಆಕೆಯ ಧ್ವನಿ ಸಣ್ಣದಾಯಿತು. “ಆಕಿ ನಸುಕಿನ್ಯಾಗ ಏಳ್ತಾಳ, ಮನಿಮಂದಿಗೆಲ್ಲಾ ಉಣ್ಣಾಕ ಇಡ್ತಾಳ, ಕೈ ಸೋಲೂತನಕ ದುಡೀತಾಳ. ಕಡೀಕ ಗಂಡ ಮಕ್ಕಳು ಎದ್ದು ನಿಂತು ಆಕೀನ ಹೊಗಳ್ತಾರ. ಉಳಿದದ್ದೆಲ್ಲಾ ನಾನೂ ಮಾಡ್ತೀನ್ರಿ. ಆ ಕಡೀದೊಂದು ನನಗ ಬಂದಿಲ್ಲ. ಒಮ್ಮಿ ಕೇಳಿಕೊಂಡು ಹೋಗ್ತೀನಿ.”

ದೇವಾನಂದರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ೧೯೯೮ರ ನವೆಂಬರ್, ಮೂವತ್ತರ ಪಕ್ಕದ ಮನೆ ಖಾಲಿಯಿತ್ತು. ಮಂಜು ಕಿಟಕಿಯ ಸರಳು ದಾಟಿ ಒಳಗೆ ಬಂದಿತ್ತು. ರಾತ್ರಿಯೂ ಅಲ್ಲದ, ಬೆಳಗೂ ಅಲ್ಲದ ಆ ಬೆಳಕಿನಲ್ಲಿ, ಖಾಲಿ ಮನೆಯೊಳಗೆ ಯಾವುದೋ ಒಂದು ದಿನ ಮೆಲ್ಲಗೆ ಬಂದು ಕೂತಂತೆ ಅವರಿಗೆ ಕಂಡಿತು. ಅವರು ಪುಟ ತಿರುವಿದರು.

ಹುಲಿಗೆವ್ವ ಸರಳು ಹಿಡಿದು ಕಣ್ಣು ಮುಚ್ಚಿದಳು. ಕೊಡ ತುಂಬಿ ನೀರು ಅವಳ ಪಾದದ ಮೇಲೆ ಹರಿಯಿತು, ಚಳಿ ಅನ್ನಿಸಲಿಲ್ಲ. ವರ್ಷಗಟ್ಟಲೆ ಗಾರೆ ಹೊತ್ತ ತಲೆಯನ್ನು ಯಾರೋ ಸವರಿದಂತಾಯಿತು. ಓದು ಮುಗಿದ ಮೇಲೆ ಕಣ್ಣು ತೆರೆದು ನಲ್ಲಿ ಬಂದ್ ಮಾಡಿದಳು.

“ಆಕೀ ಹೆಸರೇನ್ರಿ?”

“ಇದರಾಗ ಹೆಸರು ಬರದಿಲ್ಲ.”

“ಇಷ್ಟೆಲ್ಲಾ ಹೊಗಳಿ ಹೆಸರ ಬಿಟ್ಟಾರ!” ನಕ್ಕುಬಿಟ್ಟಳು. “ನಾ ಹುಚ್ಚಿ. ಗೋಡಿ ಮ್ಯಾಲಿನ ಆ ಫೋಟೋದಾಗಿನ ನಿಮ್ಮ ಮನಿಯವ್ವಾರದ ಕಥಿ ಅಂತ ತಿಳದಿದ್ನಿ. ತೀರಿಹೋದಾಕೀನ ನೆನಸಿ ಓದ್ತೀರಿ ಅಂತ.”

ದೇವಾನಂದರು ಗೋಡೆಯತ್ತ ತಿರುಗಿದರು. ಫೋಟೋದಲ್ಲಿ ಹೆಂಡತಿ ಭಾಗ್ಯಾ ಸೆರಗು ಹೊದ್ದು ನೋಡುತ್ತಿದ್ದಳು.

“ಅವ್ವಾರೂ ಕೇಳಿರಬೇಕಲ್ರಿ ಇದನ್ನ? ಮನ್ಯಾಗೇ ಇದ್ದು, ಗಂಡನ ಬಾಯಾಗಿಂದ! ಭಾಳ ಪುಣ್ಯವಂತಿ ಬಿಡ್ರಿ.”

ಲಾರಿ ಹಾರ್ನ್ ಹೊಡೆಯಿತು. ಹುಲಿಗೆವ್ವ ಕೊಡ ಎತ್ತಿಕೊಂಡು, “ಬರ್ತೀನ್ರಿ ಅಜ್ಜಾರ” ಎಂದವಳೇ ಮಂಜಿನೊಳಗೆ ಹೋಗಿಬಿಟ್ಟಳು.

ದೇವಾನಂದರಿಗೆ ಸ್ಟೋವಿನ ಸದ್ದು ಕೇಳಿಸತೊಡಗಿತು. ದೌಂಡದ ಕ್ವಾರ್ಟರ್ಸಿನಲ್ಲಿ, ಅವರು ಓದಲು ಕೂತಾಗಲೆಲ್ಲ ಭಾಗ್ಯಾ ಒಳಗೆ ಪಂಪ್ ಸ್ಟೋವ್ ಹಚ್ಚಿ ಅವರ ಡಬ್ಬಿಗೆ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿಗೆ ಓದು ಕೆಡುತ್ತದೆಂದು ಅವರು ತಲೆ ಎತ್ತದೇ ಹೇಳುತ್ತಿದ್ದರು: “ಬಾಗಲಾ ಹಾಕ್ಕೊ.” ಅವಳು ಹಾಕಿಕೊಳ್ಳುತ್ತಿದ್ದಳು. ಮೂವತ್ತೊಂದನೆಯ ತಾರೀಖಿಗೂ ಹಾಕಿಕೊಳ್ಳುತ್ತಿದ್ದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಎದ್ದು, ಅಡಿಗೆಮನೆಯ ಬಾಗಿಲನ್ನು ಪೂರ್ತಿ ತೆರೆದರು. ಕಿಟಕಿಯ ಕಡೆಗಿದ್ದ ಕುರ್ಚಿಯನ್ನು ಅತ್ತ ತಿರುಗಿಸಿ ಕೂತು, ಅದೇ ಅಧ್ಯಾಯವನ್ನು ಮೊದಲಿನಿಂದ ಓದತೊಡಗಿದರು. ಈ ಸಲ ಹೆಸರು ಬಿಡಲಿಲ್ಲ.