ಮೇಷ್ಟ್ರಿಗೆ ಸಿಗದ ಟೈಮ್‌ಔಟ್

ಮೇಷ್ಟ್ರು ಒಂದು ಅಂಗೈಯ ಕೆಳಗೆ ಇನ್ನೊಂದು ಕೈಯ ಬೆರಳು ನಿಲ್ಲಿಸಿ ಟೈಮ್‌ಔಟ್ ಕೇಳಿದರು. ರೆಫರಿ ನೋಡಿದರು, ನಕ್ಕರು, ಚೆಂಡಿನ ಹಿಂದೆ ಓಡಿಹೋದರು.

"ರೀ ಸ್ವಾಮಿ, ಕಣ್ಣು ಕಾಣಲ್ವಾ?"

"ಕಾಣುತ್ತೆ ಮೇಷ್ಟ್ರೇ. ಚೆಂಡು ಆಟದಲ್ಲಿದ್ದಾಗ ಕೋಚ್ ಕೇಳೋ ಹಾಗಿಲ್ಲ. ಬೆಳಿಗ್ಗೆ ನಿಮ್ಮೆದುರಿಗೇ ಓದಿ ಹೇಳಿದ್ದೀನಲ್ಲ," ಎಂದರು ರೆಫರಿ, ಮತ್ತೆ ಈ ಕಡೆಗೆ ಓಡಿ ಬರುತ್ತ.

ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಅಂಕ ಬೀಳುವುದೇ ಕಡಿಮೆಯಾಗಿದೆ, ಆಟ ಹೆಜ್ಜೆಗೊಮ್ಮೆ ನಿಲ್ಲುತ್ತದೆ, ನೋಡಲು ಬಂದವರು ಆಕಳಿಸುತ್ತಾರೆ ಎಂದು ಹೊಸ ನಿಯಮಗಳ ಪ್ರಸ್ತಾಪ ಬಂದಿತ್ತು. ಓಡುತ್ತಿರುವ ಆಟವನ್ನು ಇನ್ನು ಮುಂದೆ ಕೋಚ್ ನಿಲ್ಲಿಸುವಂತಿಲ್ಲ. ಟೈಮ್‌ಔಟ್ ಬೇಕಾದರೆ ಆಡುವವರೇ ಕೇಳಬೇಕು. ಇವತ್ತಿನ ಪಂದ್ಯ ಅದರ ಪರೀಕ್ಷೆ. ಮುಗಿದ ಮೇಲೆ ಕೋಚ್‌ಗಳಿಬ್ಬರೂ ಹೂಂ ಅಂದರೆ ಮುಂದಿನ ವರ್ಷದಿಂದ ಜಾರಿ. ನಮ್ಮ ಮೇಷ್ಟ್ರು "ಸುತರಾಂ ಆಗಲ್ಲ" ಎನ್ನುವುದನ್ನು ಮನೆಯಿಂದಲೇ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಬಂದಿದ್ದರು. ಆ ನಾಲಿಗೆ ಸುಮ್ಮನಿದ್ದದ್ದನ್ನು ಕಂಡವರೇ ಇಲ್ಲ ಬಿಡಿ. ಕಾಲೇಜಿನಲ್ಲಿ ಬೆನ್ನ ಹಿಂದೆ ಎಲ್ಲರೂ ಅವರನ್ನು ರೇಡಿಯೊ ಮೇಷ್ಟ್ರು ಎನ್ನುತ್ತಿದ್ದರು.

ಆದರೆ ಅವರ ಹಟಕ್ಕೆ ಕಾರಣವೂ ಇತ್ತು. ತಂಡದಲ್ಲಿ ಚೆಂಡು ನಡೆಸುವ ಹುಡುಗಿ ಅವರ ಅಕ್ಕನ ಮಗಳು. ಬೆಳಿಗ್ಗೆ ಎದ್ದರೆ ಯಾವ ಬಟ್ಟೆ ಹಾಕಿಕೊಳ್ಳಲಿ ಎಂದು ಅಮ್ಮನನ್ನು ಕೇಳುವವಳು. "ಹೇಳಿದ್ರೆ ಬೆಟ್ಟಾನೂ ಹತ್ತುತ್ತಾಳೆ, ಹೇಳದಿದ್ರೆ ಬಾಗಿಲೂ ದಾಟಲ್ಲ. ನೀನೇ ನೋಡ್ಕೋಪ್ಪಾ," ಎಂದು ಅಕ್ಕ ಒಪ್ಪಿಸಿದ್ದಳು. ಮೇಷ್ಟ್ರು ನೋಡಿಕೊಂಡರು. ಪ್ರತಿ ಪಾಸಿಗೂ ಮುಂಚೆ ಅವಳು ಬೆಂಚಿನ ಕಡೆ ತಿರುಗುತ್ತಿದ್ದಳು, ಅವರು ಬೆರಳು ತೋರಿಸುತ್ತಿದ್ದರು. ಅವಳ ಮುಖ ಸ್ವಲ್ಪ ಬಾಡಿತೋ, ಟೈಮ್‌ಔಟ್. ಈಗ ಅದೂ ಇಲ್ಲದೆ, ಇಷ್ಟು ಜನರ ಮುಂದೆ ಹುಡುಗಿ ದಿಕ್ಕು ತೋಚದೆ ನಿಂತುಬಿಟ್ಟರೆ ಅಕ್ಕನಿಗೆ ಏನು ಹೇಳುವುದು? ಅವರಿಗೆ ಅದೇ ಹೆದರಿಕೆ.

ಇವತ್ತು ಬೆರಳೂ ಕೆಲಸಕ್ಕೆ ಬರಲಿಲ್ಲ. ಅವರು ಎತ್ತುವಷ್ಟರಲ್ಲಿ ಚೆಂಡು ಆಚೆ ತುದಿಯಲ್ಲಿರುತ್ತಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತು. ಬೇರೆ ದಾರಿ ಕಾಣದೆ ಬೆಂಚಿನ ಮೇಲೆ ಕೂತರು. ಕೂತ ಮೇಲೆ ನೋಡದೆ ಇನ್ನೇನು ಮಾಡುತ್ತಾರೆ, ನೋಡಿದರು.

ಇಷ್ಟು ವರ್ಷ ಅವರು ಆಟವನ್ನು ತುಂಡು ತುಂಡಾಗಿಯೇ ಕಂಡಿದ್ದರು. ತುಂಡು ಮಾಡುತ್ತಿದ್ದವರೂ ಅವರೇ. ಈಗ ಅದು ಎಲ್ಲೂ ನಿಲ್ಲದೆ ಹೋಗುತ್ತಿತ್ತು. ಒಂದೇ ಅಡುಗೆಮನೆಯಲ್ಲಿ ಬಹಳ ಕಾಲ ಕೆಲಸ ಮಾಡಿದ ಹೆಂಗಸರು ಒಬ್ಬರಿಗೊಬ್ಬರು ತಗುಲದೆ, ತಲೆ ಕೂಡ ಎತ್ತದೆ ಪಾತ್ರೆ ದಾಟಿಸುತ್ತಾರಲ್ಲ, ಹಾಗೆ ಐದು ಹುಡುಗಿಯರು ಚೆಂಡು ದಾಟಿಸುತ್ತಿದ್ದರು. ಮೇಷ್ಟ್ರೇ 'ಗೂಡ್ಸ್ ಗಾಡಿ' ಎಂದು ಹೆಸರಿಟ್ಟಿದ್ದ ದಪ್ಪ ಹುಡುಗಿ ಯಾರೂ ಹೇಳದೆ ಪಕ್ಕಕ್ಕೆ ಸರಿದಳು. ಅವಳು ಸರಿಯುವ ಮೊದಲೇ ಅಕ್ಕನ ಮಗಳು ಚೆಂಡನ್ನು ಅಲ್ಲಿಗೆ ಕಳಿಸಿದ್ದಳು. ಅರೆ, ಇದನ್ನೆಲ್ಲ ಯಾವಾಗ ಕಲಿತರು ಇವರು? ನಾನಂತೂ ಕಲಿಸಿದ್ದಲ್ಲ. ಮೇಷ್ಟ್ರ ಮೈ ಜುಮ್ಮೆಂದಿತು. ಎಂಥ ಚೆಂದ, ಎಂಥ ಚೆಂದ ಎಂದು ಬಾಯೊಳಗೇ ಅಂದುಕೊಂಡರು.

ಪಂದ್ಯದ ಕೊನೆಯ ಕೆಲವು ಸೆಕೆಂಡು. ಒಂದು ಅಂಕ ಹಿಂದೆ. ಚೆಂಡು ಅಕ್ಕನ ಮಗಳ ಕೈಯಲ್ಲಿ. ಮೇಷ್ಟ್ರಿಗೆ ಹಳೆಯ ಚಾಳಿ ಮರಳಿತು. ದಡಬಡ ಎದ್ದು, ಅವಳಿಗೆ ಕಾಣುವಂತೆ ಎರಡೂ ಕೈ ಎತ್ತಿ ಟೈಮ್‌ಔಟ್ ಗುರುತು ತೋರಿಸಿದರು. ಅವಳು ಕೇಳಿದರೆ ರೆಫರಿ ಕೊಡಲೇಬೇಕು. ಕೇಳೇ, ಕೇಳೇ ಎಂದು ತುಟಿ ಆಡಿಸಿದರು.

ಅವಳು ಅಭ್ಯಾಸದಂತೆ ತಿರುಗಿದಳು. ಅವರ ಕೈಯನ್ನು ನೋಡಿದಳು. ಬೇಡ ಎಂದು ತಲೆಯಾಡಿಸಿದಳು.

ಮೇಷ್ಟ್ರು ಹಾಗೇ ನಿಂತುಬಿಟ್ಟರು. ಅವಳು ಬಲಕ್ಕೆ ನುಗ್ಗಿದಳು. ಎದುರಾಳಿಗಳೆಲ್ಲ ಅವಳ ಬೆನ್ನು ಹತ್ತಿದರು. ಚೆಂಡು ಮಾತ್ರ ಎಡಕ್ಕೆ ಹಾರಿ, ರಿಂಗಿನ ಕೆಳಗೆ ಒಬ್ಬಳೇ ನಿಂತಿದ್ದ ಗೂಡ್ಸ್ ಗಾಡಿಯ ಕೈ ಸೇರಿತು. ಅವಳು ಎಸೆದಳು. ಚೆಂಡು ರಿಂಗಿನ ಅಂಚನ್ನು ಒಂದು ಸುತ್ತು ಹಾಕಿ ಹೊರಗೆ ಬಿತ್ತು.

ಸೋತರು. ಆದರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಗೆದ್ದ ಕಡೆಯವರು ಕೂಡ.

ರೆಫರಿ ಬೆವರು ಒರೆಸಿಕೊಳ್ಳುತ್ತ ಬಂದರು. "ಏನಂತೀರಿ ಮೇಷ್ಟ್ರೇ? ಸುತರಾಂ ಆಗಲ್ಲ ಅಂತ ಹೇಳ್ಬಿಡ್ಲಾ?"

"ಜಾರಿ ಮಾಡಿ ರೀ," ಎಂದರು ಮೇಷ್ಟ್ರು, ಒಡೆದ ಗಂಟಲಿನಲ್ಲಿ. "ಮುಂದಿನ ವರ್ಷದವರೆಗೂ ಯಾಕೆ ಕಾಯ್ತೀರಿ?"

ಅಷ್ಟರಲ್ಲಿ ಅಕ್ಕನ ಮಗಳು ಏದುಸಿರು ಬಿಡುತ್ತ ಎದುರಿಗೆ ನಿಂತಿದ್ದಳು. "ಟೈಮ್‌ಔಟ್ ಕೇಳ್ಬೇಕಿತ್ತಾ ಮಾಮ?"

"ಕೇಳಿದ್ರೆ ನೀನೇ ಹೊಡಿ ಅಂತಿದ್ದೆ. ಅವಳು ರಿಂಗಿನ ಕೆಳಗೆ ಒಬ್ಬಳೇ ಇದ್ದದ್ದು ನಂಗೆ ಕಾಣಲೇ ಇಲ್ಲ. ನಿಂಗೆ ಹೇಗೆ ಕಾಣಿಸ್ತು?"

"ಇವತ್ತು ಪಾಸ್ ಕೊಡುವಾಗ ನಿಮ್ಮನ್ನ ನೋಡ್ತಾ ಇರ್ಲಿಲ್ಲ ಅಲ್ವಾ ಮಾಮ, ಅದಕ್ಕಿರ್ಬೇಕು."

ರೇಡಿಯೊ ಮೇಷ್ಟ್ರು ಬೆಂಚಿನ ಮೇಲೆ ಕೂತರು. ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದರು. ಆಟದ ತಂತ್ರ ಬರೆದು ತೋರಿಸುವ ತಮ್ಮ ಪುಟ್ಟ ಬೋರ್ಡು, ಪೆನ್ನು ಅವಳ ಕೈಗಿಟ್ಟು, "ಹೇಗೆ ಅಂತ ತೋರಿಸು," ಎಂದರು.

ಅವಳು ಕೂತಳು. ಬೋರ್ಡಿನ ತುಂಬ ಮೇಷ್ಟ್ರು ಬೆಳಿಗ್ಗೆಯಿಂದ ಎಳೆದಿಟ್ಟಿದ್ದ ಬಾಣಗಳಿದ್ದವು. ಯಾರನ್ನೂ ಕೇಳದೆ ಅವನ್ನೆಲ್ಲ ಅಂಗಿಯ ಅಂಚಿನಿಂದ ಒರೆಸಿಹಾಕಿ, ಬರೆಯತೊಡಗಿದಳು.