ಹಸಿರು ಚುಕ್ಕೆ

“ಅಕ್ಕಾ, ನಿಮ್ಮ ಕಂಪ್ಯೂಟರಿಗೆ ಏನೂ ಆಗಿಲ್ಲ. ಕರೆಯದೆ ಬಂದ ನೆಂಟರು ಮನೆ ತುಂಬಿಕೊಂಡಿದ್ದಾರೆ, ಅಷ್ಟೇ,” ಎನ್ನುತ್ತ ರಿಪೇರಿ ಅಂಗಡಿಯವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಮೂರು ಕೀ ಒಟ್ಟಿಗೆ ಒತ್ತಿದಳು. ಪರದೆಯ ಮೇಲೆ ಉದ್ದನೆಯ ಪಟ್ಟಿಯೊಂದು ಬಂತು. “ನೋಡಿ, ನೀವು ತೆರೆದಿರೋದು ಒಂದೇ ಒಂದು. ನಿಮಗೆ ಗೊತ್ತಿಲ್ಲದ ಹಾಗೆ ಹಿಂದೆ ಓಡ್ತಿರೋದು ಇಷ್ಟು. ಎಲ್ಲಾ ಕೂತು ಉಣ್ಣೋರೇ.”

ಮನೆಯಾಕೆ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಸಭೆಗಳಲ್ಲಿ, ಸಂದರ್ಶನಗಳಲ್ಲಿ ಯಾರ್ಯಾರೋ ಆಡಿದ ಮಾತಿನ ರೆಕಾರ್ಡಿಂಗ್ ಕೇಳಿ, ಟೈಪ್ ಮಾಡಿ ಕಳಿಸುವುದು ಅವಳ ಕಸುಬು. ದಿನವಿಡೀ ಕಿವಿ ತುಂಬ ಮಾತು, ಅವಳೊಡನೆ ಆಡಿದ್ದು ಮಾತ್ರ ಅದರಲ್ಲಿ ಒಂದೂ ಇರುತ್ತಿರಲಿಲ್ಲ. ಈಚೆಗೆ ಆ ಮಾತೂ ಅರ್ಧಕ್ಕೇ ಗಂಟಲು ಕಟ್ಟಿದಂತೆ ನಿಂತುಬಿಡುತ್ತಿತ್ತು. ಕೆಲಸ ಕೊಡುವವರು ಗೊಣಗತೊಡಗಿದ ಮೇಲೆ ಅಂಗಡಿಗೆ ಹೇಳಿಕಳಿಸಿದ್ದಳು.

ಅಂಗಡಿಯವಳು ಒಂದೊಂದನ್ನೇ ಹೊರಗಟ್ಟುತ್ತ ಹೋದಳು. “ಇದು ಪ್ರಿಂಟರಿನ ಪ್ರೋಗ್ರಾಮು. ಪ್ರಿಂಟರ್ ಎಲ್ಲಿದೆ?”

“ಗುಜರಿಗೆ ಹಾಕಿ ಯಾವ ಕಾಲ ಆಯ್ತು!”

“ಯಜಮಾನ ಹೋದ್ರೂ ಆಳು ಇನ್ನೂ ಬಾಗಿಲು ಕಾಯ್ತಿದಾನೆ, ಪಾಪ. ಹೋಗಪ್ಪಾ. ಇಲ್ನೋಡಿ, ವೈರಸ್ ಹಿಡಿಯೋಕೆ ಇಬ್ಬಿಬ್ಬರು ಕಾವಲುಗಾರರು. ಕಳ್ಳನ್ನ ಬಿಟ್ಟು ಇವರಿಬ್ರೇ ಕಿತ್ತಾಡ್ತಿದಾರೆ. ಒಬ್ಬ ಸಾಕು.” ಮನೆಯಾಕೆಗೆ ನಗು ಬಂತು. ಆ ಕೋಣೆಯಲ್ಲಿ ನಗುವಿನ ಸದ್ದಾಗಿ ಬಹಳ ದಿನವಾಗಿತ್ತು. “ಇದ್ಯಾವುದು, ಹಳೇ ಚಾಟು? ಇದನ್ನ ಇನ್ನೂ ಯಾರು ಬಳಸ್ತಾರೆ? ಎಲ್ಲರಿಗಿಂತ ಜಾಸ್ತಿ ತಿಂತಿರೋದೇ ಇದು.”

“ಅದನ್ನ ಮುಟ್ಟಬೇಡ!”

ಅಂಗಡಿಯವಳ ಕೈ ಮೌಸಿನ ಮೇಲೆಯೇ ನಿಂತಿತು. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಒಬ್ಬ ಹೆಂಗಸಿನ ಫೋಟೋ, ಅದರ ಪಕ್ಕ ಒಂದು ಹಸಿರು ಚುಕ್ಕೆ.

“ನನ್ನ ತಂಗಿ,” ಎಂದಳು ಮನೆಯಾಕೆ. “ನಮಗೆ ಮಾತಿಲ್ಲ. ಅಮ್ಮ ಹೋದ್ಮೇಲೆ ಅವಳ ಹೊಲಿಗೆ ಮಿಷನ್ ಯಾರಿಗೆ ಅಂತ ಜಗಳ ಆಯ್ತು. ಇಬ್ಬರಿಗೂ ನೆಟ್ಟಗೆ ಒಂದು ಗುಂಡಿ ಹಚ್ಚೋಕೆ ಬರಲ್ಲ, ಆ ಮಾತು ಬೇರೆ. ಆದ್ರೆ ಅವಳು ದಿನಾ ಬಂದು ಕೂರ್ತಾಳೆ. ಬೆಳಿಗ್ಗೆ ನಾನು ಮುಖ ತೊಳೆದು ಬರೋ ಹೊತ್ತಿಗೆ ಚುಕ್ಕೆ ಹತ್ತಿರುತ್ತೆ. ರಾತ್ರಿ ಅದು ಆರೋವರೆಗೂ ನಾನೂ ಏಳಲ್ಲ. ಮಾತಿಲ್ಲ ಅಷ್ಟೇ, ಜೊತೆಗೇ ಇರ್ತೀವಿ.”

ಅಂಗಡಿಯವಳು ಮೌಸಿನಿಂದ ಕೈ ತೆಗೆದು ಅವಳ ಕಡೆ ತಿರುಗಿದಳು. “ಅಕ್ಕಾ, ತಪ್ಪು ತಿಳೀಬೇಡಿ. ಚುಕ್ಕೆ ಹತ್ತಿದೆ ಅಂದ್ರೆ ಅವರು ಬಂದು ಕೂತಿದಾರೆ ಅಂತ ಅಲ್ಲ. ಆ ಮನೇಲಿ ಯಾರೋ ಕಂಪ್ಯೂಟರ್ ಆನ್ ಮಾಡಿದ್ರೆ ಸಾಕು, ಇದು ತಾನಾಗೇ ಎದ್ದು ಹಿಂದೆ ಓಡ್ತಿರುತ್ತೆ. ಹೀಗೊಂದು ಓಡ್ತಿದೆ ಅಂತ್ಲೇ ಅವರಿಗೆ ಗೊತ್ತಿಲ್ದೆ ಇರಬಹುದು.”

ಮನೆಯಾಕೆಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಎಷ್ಟು ಸಲ ಈ ಪರದೆಯ ಮುಂದೆ ಕೂರುವ ಮುಂಚೆ ತಲೆ ಬಾಚಿಕೊಂಡಿದ್ದಳು! ಜ್ವರ ಬಂದ ದಿನ ಕೂಡ, ತಂಗಿ ಹೆದರಿಕೊಂಡಾಳು ಎಂದು, ಕಂಬಳಿ ಹೊದ್ದುಕೊಂಡೇ ಬಂದು ಇದನ್ನು ಆನ್ ಮಾಡಿದ್ದಳು. ಇಷ್ಟು ವರ್ಷ ಯಾರ ಜೊತೆ ಕೂತಿದ್ದೆ ನಾನು?

“ನನ್ನ ಚುಕ್ಕೆ ಅವಳಿಗೆ ಕಾಣುತ್ತಾ?”

“ನೋಡಿದ್ರೆ ಕಾಣುತ್ತೆ.”

“ಇದನ್ನ ಮುಚ್ಚಿದ್ರೆ?”

“ಆರುತ್ತೆ.”

“ಹಾಗಾದ್ರೆ ಮುಚ್ಚು,” ಎಂದಳು ಮನೆಯಾಕೆ. “ಅವಳು ನೋಡ್ತಿರೋದು ನಿಜ ಆದ್ರೆ ಗಾಬರಿ ಬೀಳ್ತಾಳೆ. ಚಿಕ್ಕವಳಿದ್ದಾಗ ನಾನು ಒಂದು ಗಳಿಗೆ ಕಾಣದೆ ಹೋದ್ರೂ ಮನೆಯೆಲ್ಲಾ ಜಾಲಾಡೋಳು. ಫೋನ್ ಮಾಡೇ ಮಾಡ್ತಾಳೆ.”

“ನೀವೇ ಒಂದು ಫೋನ್ ಮಾಡಬಹುದಲ್ಲಕ್ಕಾ?”

“ದೊಡ್ಡವಳು ನಾನು.”

ಅಂಗಡಿಯವಳು ಚಾಟನ್ನು ಮುಚ್ಚಿದಳು. ನಾಳೆ ಮತ್ತೆ ತಾನೇ ಎದ್ದು ಕೂರದ ಹಾಗೆ ಅದರ ಸ್ಟಾರ್ಟಪ್ಪನ್ನೂ ತೆಗೆದಳು. ಮೂಲೆಯ ಚೌಕ ಮಾಯವಾಯಿತು. ಅದರೊಂದಿಗೆ ತಂಗಿಯ ಚುಕ್ಕೆಯೂ ಹೋಗುತ್ತದೆಂದು ಮನೆಯಾಕೆಗೆ ಆಗಲೇ ಹೊಳೆದದ್ದು.

ಅಂಗಡಿಯವಳು ಹೋದ ಮೇಲೆ ಕಂಪ್ಯೂಟರು ಕುದುರೆಯ ಹಾಗೆ ಓಡಿತು. ಮಾತು ಎಲ್ಲಿಯೂ ನಿಲ್ಲಲಿಲ್ಲ. ಅವಳೇ ಆಗಾಗ ನಿಲ್ಲಿಸುತ್ತಿದ್ದಳು. ಹೆಡ್‌ಫೋನನ್ನು ಒಂದು ಕಿವಿಗೆ ಮಾತ್ರ ಹಾಕಿಕೊಂಡಿದ್ದಳು, ಇನ್ನೊಂದು ಕಿವಿ ಗೋಡೆಯ ಪಕ್ಕದ ಫೋನಿನ ಕಡೆಗಿತ್ತು. ನೀರು ಕುಡಿಯಲು ಅಡುಗೆಮನೆಗೆ ಹೋದಾಗ ನಲ್ಲಿಯನ್ನು ಸಣ್ಣಗೆ ಬಿಟ್ಟಳು. ಬೀದಿ ದೀಪ ಹತ್ತಿತು. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ಫೋನು ರಿಂಗಾಯಿತು. ಓಡಿಹೋಗಿ ಎತ್ತಿಕೊಂಡಳು.

“ಅಕ್ಕಾ...”

“ಹೇಳೇ! ಹುಷಾರಾಗೇ ಇದೀನಿ ಕಣೇ, ನಂಗೇನೂ ಆಗಿಲ್ಲ!”

“ನಾನಕ್ಕಾ, ರಿಪೇರಿ ಅಂಗಡಿಯಿಂದ. ಕಂಪ್ಯೂಟರ್ ಸರಿಯಾಗಿ ಓಡ್ತಿದೆಯಾ ಕೇಳೋಣ ಅಂತ ಮಾಡಿದೆ.”

“ಓಡ್ತಿದೆ. ಚೆನ್ನಾಗಿ ಓಡ್ತಿದೆ.”

“ಅವರು... ಫೋನ್ ಮಾಡಿದ್ರಾ?”

“ನೀನು ಮೊದಲು ಫೋನ್ ಇಡಮ್ಮಾ,” ಎಂದಳು ಮನೆಯಾಕೆ. “ಅವಳು ಮಾಡಿದಾಗ ಎಂಗೇಜ್ ಬರಬಾರದು.”